ಅಟ್ಟದ ಮೇಲೊಂದು ನೋವಿನ ಮನೆ

ಲಂಡನ್ ಬ್ರಿಜ್ ರೈಲು ನಿಲ್ದಾಣದಿಂದ ಹೊರಬಿದ್ದವರ ಕಣ್ಣು ಮೊದಲು ಮೇಲಕ್ಕೇ ಹೋಗುತ್ತದೆ. 310 ಮೀಟರ್ ಎತ್ತರದ ‘ಶಾರ್ಡ್’ ಎಂಬ ಗಾಜಿನ ಗೋಪುರ ಅಲ್ಲೇ ಪಕ್ಕದಲ್ಲಿ ಮುಗಿಲಿಗೆ ಚಾಚಿ ನಿಂತಿದೆ. ಅದರ ನೆತ್ತಿಯಿಂದ ಊರು ನೋಡಲು ಹೊರಟ ಪ್ರವಾಸಿಗರು ಒಂದು ಕಡೆ, ಕೆಲಸಕ್ಕೆ ಓಡುವವರ ನೂಕುನುಗ್ಗಲು ಇನ್ನೊಂದು ಕಡೆ. ಆ ಗೋಪುರದ ಬುಡದಲ್ಲೇ ಹಾದುಹೋಗುವ ಸೇಂಟ್ ಥಾಮಸ್ ಬೀದಿಯಲ್ಲಿ ಕೆಂಪು ಇಟ್ಟಿಗೆಯ ಹಳೆಯ ಚರ್ಚೊಂದಿದೆ. ಅದನ್ನು ನೋಡಲು ತಲೆಯೆತ್ತುವವರು ಕಡಿಮೆ. ಬಾಗಿಲಲ್ಲಿ ಒಂದು ಸಣ್ಣ ಫಲಕ. ಒಳಗೆ ಕಾಲಿಟ್ಟರೆ ಇಕ್ಕಟ್ಟಾದ ಸುರುಳಿ ಮೆಟ್ಟಿಲು.

ಮೆಟ್ಟಿಲುಗಳು ಒಟ್ಟು 52. ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯುವುದು ಕಷ್ಟ. ಗೋಡೆಗೆ ಕೈಕೊಟ್ಟು, ಮೊಣಕಾಲು ಹಿಡಿದುಕೊಂಡು ಮೇಲೆ ತಲುಪಿದವರಿಗೆ ಮೊದಲು ಸಿಗುವುದು ಒಣಗಿದ ಸೊಪ್ಪುಸದೆಯ ವಾಸನೆ. ಚರ್ಚಿನ ಮಾಡಿನ ಅಡಿಯಲ್ಲಿ, ದಪ್ಪ ತೊಲೆಗಳ ನಡುವೆ, ಗಂಧಿಗೆ ಅಂಗಡಿಯಂತೆ ಕಾಣುವ ಉದ್ದನೆಯ ಅಟ್ಟ. ಅಲ್ಲಿಂದ ಮುಂದೆ ಕೆಲವೇ ಹೆಜ್ಜೆ ಇಟ್ಟರೆ, ಗಾಜಿನ ಮಾಡಿನಿಂದ ಬೆಳಕು ಸುರಿಯುತ್ತಿರುವ ಇನ್ನೊಂದು ಕೋಣೆ. ನಡುವೆ ಒಂದು ಮರದ ಮೇಜು.

ಬ್ರಿಟನ್ನಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಶಸ್ತ್ರಚಿಕಿತ್ಸಾ ಕೊಠಡಿ ಇದು. ಇದನ್ನು ಕಟ್ಟಿದ್ದು 1822ರಲ್ಲಿ. ಅರಿವಳಿಕೆ ಎಂಬುದು ಈ ಊರಿಗೆ ಬಂದದ್ದು 1846ರ ಕೊನೆಗೆ. ಅಂದರೆ ಸುಮಾರು 25 ವರ್ಷ ಕಾಲ ಈ ಮೇಜಿನ ಮೇಲೆ ಮಲಗಿದವರೆಲ್ಲ ಪೂರ್ತಿ ಎಚ್ಚರವಾಗಿದ್ದವರೇ! ಹಾಗಾದರೆ ಅವರು ಅದನ್ನು ಹೇಗೆ ತಡೆದುಕೊಂಡರು? 52 ಮೆಟ್ಟಿಲು ಹತ್ತಿ ಬಂದ ಪ್ರತಿಯೊಬ್ಬರ ಮನಸ್ಸಿನಲ್ಲೂ ಏಳುವ ಪ್ರಶ್ನೆ ಅದು. ಉತ್ತರದ ಚೂರುಗಳು ಈ ಅಟ್ಟದಲ್ಲೇ ಹರಡಿಕೊಂಡಿವೆ.

ಗಸಗಸೆ ಕಾಯಿಯ ಅಟ್ಟ

ಸೇಂಟ್ ಥಾಮಸ್ ಆಸ್ಪತ್ರೆ ಮಧ್ಯಯುಗದಿಂದಲೂ ಬಡವರ ಆಸ್ಪತ್ರೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಅದರ ಚರ್ಚನ್ನು ಹೊಸದಾಗಿ ಕಟ್ಟಿದಾಗ, ಮಾಡಿನ ಕೆಳಗಿನ ಈ ವಿಶಾಲವಾದ ಜಾಗ ಆಸ್ಪತ್ರೆಯ ಔಷಧಿಗಾರನ ಪಾಲಿಗೆ ಬಂತು. ತೇಮಗಾಳಿಯ ಲಂಡನ್ನಿನಲ್ಲಿ ಮೂಲಿಕೆಗಳನ್ನು ಕೆಡದಂತೆ ಒಣಗಿಸಿಡಲು ಅಟ್ಟಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು? ಇಲಿಗಳ ಕಾಟವೂ ಕಡಿಮೆ. ಬಹುಕಾಲದ ಮೇಲೆ ಈ ಅಟ್ಟವನ್ನು ತೆರೆದು ನೋಡಿದಾಗ ಒಣಗಿದ ಗಸಗಸೆ ಕಾಯಿಗಳು ಇಲ್ಲಿ ಸಿಕ್ಕವು. ಪಾಯಸಕ್ಕೆ ಬೀಳುವ ಗಸಗಸೆಯ ಗಿಡವೇ ಅದು. ಅದರ ಹಸಿ ಕಾಯಿಯನ್ನು ಗೀರಿದರೆ ಒಸರುವ ಹಾಲೇ ಅಫೀಮು.

ನೋವಿಗೆ ಮನುಷ್ಯ ಕಂಡುಕೊಂಡ ಮದ್ದುಗಳಲ್ಲಿ ಅಫೀಮಿನಷ್ಟು ಹಳೆಯದೂ ಅಷ್ಟು ನಂಬಿಕೆಯದೂ ಇನ್ನೊಂದಿರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಥಾಮಸ್ ಸಿಡೆನ್‌ಹ್ಯಾಮ್ ಎಂಬ ಇಂಗ್ಲಿಷ್ ವೈದ್ಯ ಅದನ್ನು ದ್ರಾಕ್ಷಾರಸದಲ್ಲಿ ಕದಡಿ, ಕೇಸರಿ, ಲವಂಗ, ದಾಲ್ಚಿನ್ನಿ ಸೇರಿಸಿ ‘ಲಾಡನಮ್’ ಮಾಡಿದ. ಮುಂದಿನ 200 ವರ್ಷ ಇಂಗ್ಲೆಂಡಿನ ಮನೆಮನೆಯ ಗೂಡಿನಲ್ಲೂ ಆ ಸೀಸೆ ಇತ್ತು. ಹಲ್ಲುನೋವಿಗೆ ಅದು, ಕೆಮ್ಮಿಗೆ ಅದು, ಹೊಟ್ಟೆ ನುಲಿತಕ್ಕೂ ಅದೇ. ಅಳುವ ಮಗುವಿಗೆ ಅಫೀಮು ಬೆರೆಸಿದ ಕಾಕಂಬಿಯ ಪಾನಕ ಕುಡಿಸಿ ಮಲಗಿಸಿ ತಾಯಂದಿರು ಕೂಲಿಗೆ ಹೋಗುತ್ತಿದ್ದರು. ಕೆಲವು ಮಕ್ಕಳು ಮತ್ತೆ ಏಳಲೇ ಇಲ್ಲ. ಅಫೀಮಿನ ಮಾರಾಟಕ್ಕೆ ಅಲ್ಲಿ ಮೊದಲ ಬಾರಿಗೆ ಕಾನೂನಿನ ಕಡಿವಾಣ ಬಿದ್ದದ್ದು 1868ರಲ್ಲಿ. ಅಲ್ಲಿಯವರೆಗೆ ದಿನಸಿ ಅಂಗಡಿಯಲ್ಲೂ ಅದು ಸಿಗುತ್ತಿತ್ತು.

ಅಫೀಮೊಂದೇ ಅಲ್ಲ. ಖುರಾಸಾನಿ ಓಮ, ಹೆಮ್ಲಾಕ್, ಮನುಷ್ಯಾಕಾರದ ಬೇರಿನ ಮ್ಯಾಂಡ್ರೇಕ್ ಮುಂತಾದ ವಿಷಗಿಡಗಳ ರಸವನ್ನು ಅಫೀಮಿನ ಜೊತೆ ಸ್ಪಂಜಿಗೆ ಹೀರಿಸಿ ಒಣಗಿಸಿಟ್ಟು, ಬೇಕಾದಾಗ ನೆನೆಸಿ ರೋಗಿಯ ಮೂಗಿಗೆ ಹಿಡಿಯುವ ಪದ್ಧತಿ ಮಧ್ಯಯುಗದ ಯುರೋಪಿನಲ್ಲಿತ್ತು. ಇಂಗ್ಲೆಂಡಿನ ಹಳ್ಳಿಗಳಲ್ಲಿ ‘ಡ್ವೇಲ್’ ಎಂಬ ಪಾನೀಯವಿತ್ತು. ಹಂದಿಯ ಪಿತ್ತ, ವಿನೆಗರ್, ಅಫೀಮು, ಹೆಮ್ಲಾಕ್ ಎಲ್ಲ ಬೆರೆತ ಆ ಕಷಾಯವನ್ನು ಮದ್ಯದಲ್ಲಿ ಕಲಸಿ ಕುಡಿಸಿ ಕೊಯ್ಯುತ್ತಿದ್ದರು. ಇನ್ನು ಸಣ್ಣಪುಟ್ಟ ನೋವುಗಳಿಗೆ ಲವಂಗವೋ, ಬಿಸಿ ಶಾಖವೋ, ಜಿಗಣೆಯೋ, ಕೊಂಬು ಹಾಕುವುದೋ ಇದ್ದೇ ಇತ್ತು. 1763ರಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ, ಹೊಳೆದಂಡೆಯ ವಿಲ್ಲೋ ಮರದ ತೊಗಟೆಯ ಪುಡಿ ಚಳಿಜ್ವರಕ್ಕೆ ಒಳ್ಳೆಯದೆಂದು ರಾಯಲ್ ಸೊಸೈಟಿಗೆ ಪತ್ರ ಬರೆದ. ಆ ತೊಗಟೆಯ ಜಾಡು ಹಿಡಿದು ಹೊರಟ ರಸಾಯನಶಾಸ್ತ್ರ ಆಸ್ಪಿರಿನ್ ಮಾತ್ರೆಗೆ ತಲುಪಲು 1890ರ ದಶಕದ ಕೊನೆಯಾಯಿತು.

ಇಷ್ಟೆಲ್ಲ ಇದ್ದೂ ಪಕ್ಕದ ಕೋಣೆಯ ಮೇಜಿನ ಮೇಲೆ ಮಲಗಿದವರಿಗೆ ಇದರಿಂದ ಆದ ಉಪಕಾರ ಅಷ್ಟಕ್ಕಷ್ಟೆ. ಗಿಡಮೂಲಿಕೆಯ ಸತ್ವ ಒಂದು ವರ್ಷದಂತೆ ಇನ್ನೊಂದು ವರ್ಷ ಇರುವುದಿಲ್ಲ. ಗರಗಸದ ನೋವು ಅಡಗುವಷ್ಟು ಅಫೀಮು ಕೊಟ್ಟರೆ ಉಸಿರೂ ಅಡಗೀತು! ಆದ್ದರಿಂದ ಒಂದಿಷ್ಟು ಲಾಡನಮ್ ಹನಿ, ಇಲ್ಲವೇ ಒಂದು ಲೋಟ ಬ್ರಾಂದಿ ಕುಡಿಸಿ ಒಳಗೆ ಕರೆದೊಯ್ಯುತ್ತಿದ್ದರು. ಮೂಲಿಕೆಯ ಅಟ್ಟಕ್ಕೂ ಕತ್ತಿಯ ಮೇಜಿಗೂ ನಡುವೆ ಇರುವುದು ಕೆಲವೇ ಹೆಜ್ಜೆ. ಆ ಹೆಜ್ಜೆಗಳನ್ನು ದಾಟಲು ಮದ್ದಿಗೆ ಸಾವಿರಾರು ವರ್ಷ ಬೇಕಾಯಿತು.

ಬಡ ಹೆಂಗಸರ ಮೇಜು

ಶಸ್ತ್ರಚಿಕಿತ್ಸೆಯ ಕೊಠಡಿ ಚರ್ಚಿನ ಅಟ್ಟಕ್ಕೆ ಹೇಗೆ ಬಂತು? ಅದಕ್ಕೂ ಒಂದು ಕಾರಣವಿದೆ. ಆಸ್ಪತ್ರೆಯ ಹೆಂಗಸರ ಶಸ್ತ್ರಚಿಕಿತ್ಸಾ ವಾರ್ಡು ಚರ್ಚಿಗೆ ತಾಗಿಕೊಂಡು, ಈ ಅಟ್ಟದ ಮಟ್ಟದಲ್ಲೇ ಇತ್ತು. 1822ರವರೆಗೆ ಹೆಂಗಸರ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದದ್ದು ಆ ವಾರ್ಡಿನಲ್ಲೇ. ಒಬ್ಬಳ ಕಾಲು ಕತ್ತರಿಸುವಾಗ ಮುಂದಿನ ಸರದಿಯವಳು ಪಕ್ಕದ ಮಂಚದಲ್ಲಿ ಮಲಗಿ ಕೇಳಿಸಿಕೊಳ್ಳುತ್ತಿದ್ದಳು. ಗೋಡೆಯಾಚೆಗೆ ಕೋಣೆಯೊಂದು ಬಂದದ್ದರಿಂದ ಕೊನೆಗೆ ಆ ಹಿಂಸೆಯಾದರೂ ತಪ್ಪಿತು. ನೋವನ್ನು ಕಡಿಮೆ ಮಾಡಲಾಗದಿದ್ದಾಗ ನೋವಿನ ಸದ್ದನ್ನು ದೂರ ಮಾಡಿದರು. ಅದೂ ಒಂದು ಚಿಕಿತ್ಸೆಯೇ ಎನ್ನಿ.

ಈ ಮೇಜಿನ ಮೇಲೆ ಮಲಗಿದವರೆಲ್ಲ ಹೆಂಗಸರು, ಹೆಚ್ಚಿನವರು ಬಡವರು. ಹಣವಿದ್ದವರು ಆಸ್ಪತ್ರೆಯ ಕಡೆ ತಲೆಹಾಕುತ್ತಿರಲಿಲ್ಲ. ಅವರ ಕಾಯಿಲೆಗೆ ವೈದ್ಯನೇ ಮನೆಗೆ ಹೋಗಿ, ಬೇಕಾದರೆ ಅಡುಗೆಮನೆಯ ಮೇಜಿನ ಮೇಲೇ ಕೊಯ್ಯುತ್ತಿದ್ದ. ಇಲ್ಲಿ ಹೆಸರಾಂತ ಶಸ್ತ್ರವೈದ್ಯರ ಕೈಚಳಕ ಬಡವರಿಗೂ ಸಿಗುತ್ತಿತ್ತು. ಅದಕ್ಕೆ ಅವರು ತೆರುತ್ತಿದ್ದ ಬೆಲೆಯೆಂದರೆ, ನೋಡಲು ನೆರೆದ ವಿದ್ಯಾರ್ಥಿಗಳ ಕಣ್ಣು.

ಮೇಜಿನ ಸುತ್ತ ಅರ್ಧಚಂದ್ರಾಕಾರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಕಟಕಟೆಗಳಿವೆ. ಕೂರಲು ಜಾಗವಿಲ್ಲ, ಕಂಬಿಗೆ ಒರಗಿ ನಿಲ್ಲಬೇಕು. ಕಿಕ್ಕಿರಿದ ಆ ಸಾಲುಗಳಲ್ಲಿ ಮುಂದಿನವರ ತಲೆ ಅಡ್ಡ ಬಂದರೆ ಹಿಂದಿನವರು ತಲೆ ತಗ್ಗಿಸುವಂತೆ ಕೂಗುತ್ತಿದ್ದರೆಂದೂ ಸೆಕೆಗೆ ಉಸಿರು ಕಟ್ಟುತ್ತಿತ್ತೆಂದೂ ಇಲ್ಲಿಯ ಶಸ್ತ್ರವೈದ್ಯ ಜಾನ್ ಫ್ಲಿಂಟ್ ಸೌತ್ ನೆನಪಿಸಿಕೊಂಡಿದ್ದಾನೆ. ಮೇಜಿನ ಕೆಳಗೆ ಮರದ ಹೊಟ್ಟು ತುಂಬಿದ ಪೆಟ್ಟಿಗೆ. ರಕ್ತ ಎತ್ತ ಹರಿದರೆ ಅತ್ತ ಕಾಲಿನಿಂದಲೇ ಅದನ್ನು ತಳ್ಳಬೇಕು. ನೆಲಹಲಗೆಗಳ ಕೆಳಗೂ ಹೊಟ್ಟಿನ ಪದರವಿದೆ. ಇಲ್ಲವಾದರೆ ರಕ್ತ ಇಳಿದು, ಕೆಳಗೆ ಚರ್ಚಿನಲ್ಲಿ ಪ್ರಾರ್ಥನೆಗೆ ಕುಳಿತವರ ಮೇಲಿನ ಚಾವಣಿಗೆ ಕಲೆ ಹಿಡಿಯುವ ಭಯವಿತ್ತು. ಮೂಲೆಯಲ್ಲಿ ಕೈ ತೊಳೆಯುವ ಒಂದು ಪುಟ್ಟ ಬೋಗುಣಿ. ಕೈ ತೊಳೆಯುತ್ತಿದ್ದದ್ದು ಕೆಲಸ ಮುಗಿದ ಮೇಲೆ, ಮೊದಲಲ್ಲ! ಗೋಡೆಯ ಮೇಲೆ ಲ್ಯಾಟಿನ್ ಬರಹವೊಂದಿದೆ. ‘ಹಣಕ್ಕಲ್ಲ, ಕರುಣೆಗಾಗಿ’ ಎಂಬುದು ಅದರ ತಾತ್ಪರ್ಯ.

ವೇಗವೇ ಮದ್ದು

ಆ ಕಾಲದಲ್ಲಿ ಕರುಣೆಗಿದ್ದ ಇನ್ನೊಂದು ಹೆಸರು ವೇಗ. ನೋವನ್ನು ಇಲ್ಲವಾಗಿಸಲು ಸಾಧ್ಯವಿಲ್ಲ, ಚಿಕ್ಕದು ಮಾಡಬಹುದು. ಒಳ್ಳೆಯ ಶಸ್ತ್ರವೈದ್ಯ ಎಂದರೆ ಬೇಗ ಮುಗಿಸುವವನು. ಪಳಗಿದ ಕೈ ಒಂದು ಕಾಲನ್ನು ಒಂದೇ ನಿಮಿಷದಲ್ಲೋ ಅದಕ್ಕಿಂತ ಕಡಿಮೆ ಅವಧಿಯಲ್ಲೋ ಕತ್ತರಿಸಿ ತೆಗೆಯುತ್ತಿತ್ತು. ಹೊಟ್ಟೆ, ಎದೆ ತೆರೆಯುವ ಮಾತೇ ಇರಲಿಲ್ಲ.

ಈ ವೇಗದ ವಿದ್ಯೆಗೆ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದೊಡ್ಡ ಪರಂಪರೆಯೇ ಇತ್ತು. 1658ರ ಮಾರ್ಚ್ 26ರಂದು ಇಲ್ಲಿಯ ಶಸ್ತ್ರವೈದ್ಯ ಥಾಮಸ್ ಹಾಲಿಯರ್, 25 ವರ್ಷದ ತರುಣನೊಬ್ಬನ ಮೂತ್ರಕೋಶದಿಂದ ಟೆನಿಸ್ ಚೆಂಡಿನ ಗಾತ್ರದ ಕಲ್ಲನ್ನು ತೆಗೆದ. ಆ ತರುಣ ಸ್ಯಾಮ್ಯುಯೆಲ್ ಪೀಪ್ಸ್, ಮುಂದೆ ತನ್ನ ದಿನಚರಿಯಿಂದ ಹೆಸರಾದವನು. ಶಸ್ತ್ರಚಿಕಿತ್ಸೆ ನಡೆದದ್ದು ಅವನ ಸಂಬಂಧಿಕಳ ಮನೆಯಲ್ಲಿ. ಬದುಕಿ ಉಳಿದ ಪೀಪ್ಸ್ ಮಾಡಿದ್ದೇನು ಗೊತ್ತೆ? ಆ ಕಲ್ಲನ್ನು ಇಡಲು ಒಂದು ಪೆಟ್ಟಿಗೆ ಮಾಡಿಸಿದ. ಪ್ರತಿ ವರ್ಷ ಮಾರ್ಚ್ 26ನ್ನು ಹಬ್ಬವಾಗಿ ಆಚರಿಸಿ ಬಂಧುಮಿತ್ರರಿಗೆ ಊಟ ಹಾಕಿಸಬೇಕೆಂದು ಸಂಕಲ್ಪ ಮಾಡಿಕೊಂಡ. ಸಾವಿನ ಬಾಗಿಲು ತಟ್ಟಿ ಬಂದ ದಿನವನ್ನು ನೆನೆಯಲು ಅವನಿಗೆ ತೋಚಿದ ದಾರಿ ಊಟದ ಪಂಕ್ತಿ!

ಅದೇ ಆಸ್ಪತ್ರೆಯ ವಿಲಿಯಂ ಚೆಸೆಲ್ಡೆನ್ 1727ರ ಹೊತ್ತಿಗೆ ಈ ಕಲ್ಲು ತೆಗೆಯುವ ಕೆಲಸವನ್ನು ಒಂದು ನಿಮಿಷದ ಆಸುಪಾಸಿಗೆ ಇಳಿಸಿದ್ದ. ಗಂಟೆಗಟ್ಟಲೆ ಎನ್ನಿಸುವ ನರಕವನ್ನು 60 ಎಣಿಸುವಷ್ಟಕ್ಕೆ ಇಳಿಸಿದ ಮನುಷ್ಯ ಅವನು. ಆದರೆ ಪ್ರತಿ ಶಸ್ತ್ರಚಿಕಿತ್ಸೆಗೆ ಮುಂಚೆ, ತಾನು ಕೊಡಲಿರುವ ನೋವನ್ನು ನೆನೆದು ಚೆಸೆಲ್ಡೆನ್‌ಗೆ ಹೊಟ್ಟೆ ತೊಳಸುತ್ತಿತ್ತಂತೆ. ಕತ್ತಿ ಹಿಡಿದವರೆಲ್ಲ ಕಟುಕರೇ ಆಗಿರಲಿಲ್ಲ. ಕೈ ನಡುಗದಂತೆ ನೋಡಿಕೊಳ್ಳುವುದೇ ಅವರು ರೋಗಿಗೆ ತೋರಬಹುದಾಗಿದ್ದ ದಯೆ.

ಎಲ್ಲರಿಗೂ ಅದು ಸಾಧ್ಯವಾಗಲಿಲ್ಲ. 1815ರಲ್ಲಿ ಇದೇ ಬೀದಿಯ ಗೈಸ್ ಆಸ್ಪತ್ರೆಗೆ ಜಾನ್ ಕೀಟ್ಸ್ ಎಂಬ ಹುಡುಗ ವೈದ್ಯ ವಿದ್ಯಾರ್ಥಿಯಾಗಿ ಸೇರಿದ. ಇದೇ ಬೀದಿಯಲ್ಲಿ ವಾಸ. ಮರುವರ್ಷ ಅವನಿಗೆ ‘ಡ್ರೆಸರ್’ ಕೆಲಸ; ಶಸ್ತ್ರಚಿಕಿತ್ಸೆಯ ಹೊತ್ತಿಗೆ ವೈದ್ಯನಿಗೆ ನೆರವಾಗುವುದು, ಆಮೇಲೆ ಗಾಯ ಕಟ್ಟುವುದು ಅದರ ಪಾಡು. ಪರೀಕ್ಷೆ ಪಾಸಾಗಿ ಪರವಾನಗಿ ಪಡೆದ ಮೇಲೂ ಅವನು ಆ ವೃತ್ತಿಯಲ್ಲಿ ನಿಲ್ಲಲಿಲ್ಲ. ಒಬ್ಬನ ಕಣತಲೆಯ ರಕ್ತನಾಳ ಕೊಯ್ದದ್ದೇ ಕೊನೆ. ಕೆಲಸ ಸರಿಯಾಗಿಯೇ ಆಗಿತ್ತು. ಆದರೆ ಆ ಹೊತ್ತಿನಲ್ಲಿ ತನ್ನ ಮನಸ್ಸು ಎಲ್ಲೆಲ್ಲಿ ಅಲೆಯುತ್ತಿತ್ತು ಎಂದು ನೆನೆದು ಬೆದರಿ, ಮತ್ತೆ ಅವನು ಕತ್ತಿ ಮುಟ್ಟಲಿಲ್ಲ. ಅವನು ಕವಿಯಾದದ್ದು ಎಲ್ಲರಿಗೂ ಗೊತ್ತು. 1821ರಲ್ಲಿ, ಈ ಅಟ್ಟದ ಕೋಣೆ ಕಟ್ಟುವುದಕ್ಕೆ ಒಂದು ವರ್ಷ ಮೊದಲು, ರೋಮ್ ನಗರದಲ್ಲಿ ಕ್ಷಯದಿಂದ ನರಳುತ್ತಿದ್ದ ಕೀಟ್ಸ್ ತಾನೇ ತಂದಿಟ್ಟುಕೊಂಡಿದ್ದ ಲಾಡನಮ್ ಸೀಸೆಯನ್ನು ಬೇಡಿದ. ಒಮ್ಮೆಗೇ ಕುಡಿದುಬಿಟ್ಟಾನೆಂಬ ಭಯದಿಂದ ಗೆಳೆಯ ಅದನ್ನು ಕೊಡಲಿಲ್ಲ. ನೋವನ್ನು ಕಟ್ಟುವುದು ಕಲಿತವನಿಗೆ ಕೊನೆಯ ನೋವಿಗೆ ಮದ್ದು ಸಿಗಲಿಲ್ಲ.

ಕೂಗಬಹುದು ಎಂಬ ಅಪ್ಪಣೆ

ಮೇಜಿನ ಮೇಲೆ ಮಲಗಿದ ಬಡ ಹೆಂಗಸರು ತಮ್ಮ ಅನುಭವವನ್ನು ಬರೆದಿಡುವ ಸ್ಥಿತಿಯಲ್ಲಿರಲಿಲ್ಲ. ಅವರ ಪರವಾಗಿ ಮಾತಾಡುವುದು ಉಳ್ಳವರ ಮನೆಯ ಪತ್ರಗಳು. ಅವುಗಳಲ್ಲಿ ಫ್ಯಾನಿ ಬರ್ನಿಯದು ಬಹು ದೊಡ್ಡ ಹೆಸರು. ಇಂಗ್ಲಿಷ್ ಕಾದಂಬರಿಗಾರ್ತಿಯಾದ ಆಕೆ 1811ರಲ್ಲಿ ಪ್ಯಾರಿಸ್ಸಿನಲ್ಲಿದ್ದಳು. ಎದೆಯಲ್ಲಿ ಗಂಟು. ಆ ವರ್ಷದ ಸೆಪ್ಟೆಂಬರ್ 30ರಂದು ನೆಪೋಲಿಯನ್ನನ ಸೇನೆಯ ಹೆಸರಾಂತ ಶಸ್ತ್ರವೈದ್ಯ ಲ್ಯಾರಿ ಸೇರಿ ಏಳು ಮಂದಿ ಆಕೆಯ ಮನೆಗೆ ಬಂದರು. ಕುಡಿಯಲು ಕೊಟ್ಟದ್ದು ಒಂದಿಷ್ಟು ಮದ್ದು ಬೆರೆಸಿದ ದ್ರಾಕ್ಷಾರಸ. ಮುಖದ ಮೇಲೆ ತೆಳುವಾದ ಕರವಸ್ತ್ರ. ಬಟ್ಟೆ ಎಷ್ಟು ತೆಳುವೆಂದರೆ ಕತ್ತಿಯ ಹೊಳಪು ಅದರೊಳಗಿಂದಲೇ ಆಕೆಗೆ ಕಾಣುತ್ತಿತ್ತು!

ನೋವಾಗುತ್ತದೆ, ಬಹಳ ನೋವಾಗುತ್ತದೆ ಎಂದು ವೈದ್ಯರು ಮೊದಲೇ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಒಬ್ಬ ವೈದ್ಯನಂತೂ, ಕೂಗು ಬಂದರೆ ತಡೆಯಬೇಡಿ, ತಡೆದರೆ ಕೆಡುಕಾದೀತು ಎಂದು ಎಚ್ಚರಿಸಿದ್ದ. ಆಕೆ ಕೊಯ್ಯುವಷ್ಟು ಹೊತ್ತೂ ಕೂಗಿದಳು. ಎಲ್ಲ ಮುಗಿಯಲು ಹಿಡಿದದ್ದು 20 ನಿಮಿಷ. ಮೇಜಿನಿಂದ ಎತ್ತುವಾಗ ಕಣ್ಣು ತೆರೆದು ನೋಡಿದರೆ, ಎಷ್ಟೋ ಯುದ್ಧಗಳಲ್ಲಿ ಸಾವಿರಾರು ಕೈಕಾಲು ಕಂಡ ಲ್ಯಾರಿಯ ಮುಖ ಆಕೆಯಷ್ಟೇ ಬಿಳುಚಿಕೊಂಡಿತ್ತು. ಅಕ್ಕ ಎಸ್ತರ್‌ಗೆ ಅದನ್ನು ಪತ್ರದಲ್ಲಿ ತಿಳಿಸಲು ಬರ್ನಿಗೆ ತಿಂಗಳುಗಳೇ ಬೇಕಾದವು. ಬರೆದದ್ದನ್ನು ಮತ್ತೆ ಓದುವ ಧೈರ್ಯವೂ ಆಕೆಗೆ ಇರಲಿಲ್ಲ. ಆದರೂ ಆಕೆ ಬದುಕಿದಳು. 1840ರವರೆಗೆ, 87 ವರ್ಷದ ತುಂಬು ಬಾಳು.

ಇನ್ನೊಬ್ಬ ಎಡಿನ್‌ಬರೋದ ರಸಾಯನಶಾಸ್ತ್ರಜ್ಞ ಜಾರ್ಜ್ ವಿಲ್ಸನ್. 1840ರ ದಶಕದ ಆರಂಭದಲ್ಲಿ ಅವನ ಒಂದು ಪಾದವನ್ನು ಕತ್ತರಿಸಿದರು. ಶಸ್ತ್ರಚಿಕಿತ್ಸೆಗೆ ಕಾಯುವವನ ಪಾಡು ಗಲ್ಲಿಗೆ ಕಾಯುವ ಕೈದಿಯ ಪಾಡಿನಂತೆ ಎಂದು ಅವನು ಬರೆದ. ದಿನ ಎಣಿಸುವುದು, ಆ ದಿನ ಬಂದಾಗ ಗಂಟೆ ಎಣಿಸುವುದು, ಬೀದಿಯಲ್ಲಿ ವೈದ್ಯನ ಗಾಡಿಯ ಸದ್ದಿಗೆ ಕಿವಿಗೊಡುವುದು. ಅವನು ಹೇಳಿದ ಇನ್ನೊಂದು ಮಾತು ಮನಸ್ಸಿನಲ್ಲಿ ಉಳಿಯುವಂಥದು. ಕತ್ತಿಯ ನೋವು ಕಾಲ ಕಳೆದಂತೆ ಮಾಸಿಹೋಯಿತು. ಮಾಸದೆ ಉಳಿದದ್ದು ದೇವರೂ ಮನುಷ್ಯರೂ ತನ್ನನ್ನು ಕೈಬಿಟ್ಟರೆಂದು ಆ ಗಳಿಗೆಯಲ್ಲಿ ಅನ್ನಿಸಿದ ಒಂಟಿತನ.

ನೋವಿನ ಜೊತೆ ಬರುವ ಒಂಟಿತನಕ್ಕೆ ಅಂದಿನವರಲ್ಲಿ ಮದ್ದಿತ್ತೇ? ಇದ್ದದ್ದು ಮನುಷ್ಯರ ಕೈ. ಈ ಕೋಣೆಯಲ್ಲಿ ರೋಗಿಯ ಕೈಕಾಲು ಹಿಡಿಯಲು ಡ್ರೆಸರ್‌ಗಳು ನಿಲ್ಲುತ್ತಿದ್ದರು. ಅಲುಗಾಡದಂತೆ ಹಿಡಿಯುವುದು ಅವರ ಕೆಲಸ. ಆದರೆ ಆ ಹಿಡಿತದಲ್ಲೇ ಒಂದು ಆಸರೆಯೂ ಇದ್ದೀತು. ಕೆಳಗೆ ಚರ್ಚು, ಪಕ್ಕದ ವಾರ್ಡಿನಲ್ಲಿ ನೋವುಂಡು ಬದುಕಿದ ಹೆಂಗಸರು, ತಲೆದೆಸೆಯಲ್ಲಿ ಯಾರದೋ ಬಿಗಿ ಹಿಡಿ. ಇಷ್ಟೇ ಅವರ ಬಂಡವಾಳ.

ಶ್ರೀರಂಗಪಟ್ಟಣದ ಮೂಗು, ಹೂಗ್ಲಿಯ ನಿದ್ದೆ

ಆ ಕಾಲದ ಲಂಡನ್ನಿನ ಶಸ್ತ್ರವೈದ್ಯರ ಕತೆಗೆ ಕನ್ನಡ ನಾಡಿನ ನಂಟೂ ಒಂದಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಶ್ರೀರಂಗಪಟ್ಟಣದ ಬಳಿ ಬೀಡುಬಿಟ್ಟಿದ್ದ ತನ್ನ ಸೇನೆಗೆ ಹಾಗೆಯೇ ಮರಳಿದ. ಒಂದು ವರ್ಷ ಮೂಗಿಲ್ಲದೆ ಕಳೆದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಸಮುದಾಯದ ಒಬ್ಬ ಕುಶಲಿ ಅವನ ಹಣೆಯ ಚರ್ಮವನ್ನೇ ತಿರುಗಿಸಿ ಹೊಸ ಮೂಗು ಮಾಡಿಕೊಟ್ಟ. ಮೇಣದ ಹಾಳೆಯಲ್ಲಿ ಅಳತೆ, ಗಾಯಕ್ಕೆ ಕಾಚಿನ ಲೇಪ, ಐದಾರು ದಿನ ಅಂಗಾತ ಮಲಗುವ ಪಥ್ಯ. ಈ ಸುದ್ದಿ ಚಿತ್ರಸಮೇತ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ನಲ್ಲಿ ಅಚ್ಚಾಯಿತು. ಅದನ್ನೇ ಹಿಡಿದು ಲಂಡನ್ನಿನ ಜೋಸೆಫ್ ಕಾರ್ಪ್ಯೂ ಶವಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಮೂಗು ಕಳೆದುಕೊಂಡ ಸೇನಾಧಿಕಾರಿಯೊಬ್ಬನಿಗೆ ಹೊಸ ಮೂಗು ಕೂರಿಸಿದ. ಆ ಅಧಿಕಾರಿಯೂ ಎಚ್ಚರವಾಗಿಯೇ ಇದ್ದ.

ಇಂಥ ವಿದ್ಯೆಯ ಮೂಲವಾದ ಸುಶ್ರುತ ಸಂಹಿತೆಯೂ ನೋವಿನ ವಿಷಯ ಮರೆತಿಲ್ಲ. ಕೊಯ್ಯುವ ಮುನ್ನ ರೋಗಿಗೆ ಊಟ ಕೊಡಿ, ನೋವು ತಡೆಯದವನಿಗೆ ತೀಕ್ಷ್ಣವಾದ ಮದ್ಯ ಕುಡಿಸಿ ಎಂಬುದು ಅದರ ಸಲಹೆ. ಉಂಡವನು ಮೂರ್ಛೆ ಹೋಗುವುದಿಲ್ಲ, ಮತ್ತೇರಿದವನಿಗೆ ಕತ್ತಿ ತಿಳಿಯುವುದಿಲ್ಲ ಎಂಬುದು ಅಲ್ಲಿಯ ತರ್ಕ. ಸಾವಿರ ವರ್ಷಗಳಾಚೆ ಸೌತ್‌ವಾರ್ಕಿನ ಅಟ್ಟದಲ್ಲೂ ಅದೇ ಬ್ರಾಂದಿಯ ಲೋಟ!

ಇನ್ನೊಂದು ದಾರಿಯನ್ನು ಹುಡುಕಿದವನು ಇದೇ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಒಂದು ಕಾಲಕ್ಕೆ ವೈದ್ಯನಾಗಿದ್ದ ಜಾನ್ ಎಲಿಯಟ್‌ಸನ್. ಕೈಯಾಡಿಸಿ ರೋಗಿಯನ್ನು ಮಂಪರಿಗೆ ಒಯ್ಯುವ ‘ಮೆಸ್ಮರಿಸಂ’ನಲ್ಲಿ ಅವನಿಗೆ ಗಾಢ ನಂಬಿಕೆ. ಅದರಿಂದಾಗಿಯೇ 1838ರಲ್ಲಿ ಲಂಡನ್ನಿನ ಇನ್ನೊಂದು ಆಸ್ಪತ್ರೆಯ ಹುದ್ದೆಗೆ ಅವನು ರಾಜೀನಾಮೆ ಕೊಡಬೇಕಾಯಿತು. ಲಂಡನ್ ನಕ್ಕು ತಳ್ಳಿಹಾಕಿದ್ದನ್ನು ಬಂಗಾಳ ಪ್ರಯೋಗಿಸಿ ನೋಡಿತು. 1845ರಲ್ಲಿ ಹೂಗ್ಲಿಯ ಆಸ್ಪತ್ರೆಯ ವೈದ್ಯ ಜೇಮ್ಸ್ ಎಸ್ಡೇಲ್, ಕತ್ತಲ ಕೋಣೆಯಲ್ಲಿ ಸ್ಥಳೀಯ ಸಹಾಯಕರು ಗಂಟೆಗಟ್ಟಲೆ ರೋಗಿಯ ಮೈಮೇಲೆ ಕೈಯಾಡಿಸುವಂತೆ ಮಾಡಿ, ಮಂಪರಿನಲ್ಲಿದ್ದಾಗಲೇ ದೊಡ್ಡ ದೊಡ್ಡ ಗೆಡ್ಡೆಗಳನ್ನು ತೆಗೆದ. ಸರ್ಕಾರದ ಸಮಿತಿ ಬಂದು ನೋಡಿತು. ಕಲ್ಕತ್ತೆಯಲ್ಲಿ ಪ್ರತ್ಯೇಕ ಆಸ್ಪತ್ರೆಯೂ ಸಿಕ್ಕಿತು. ಎಲ್ಲರಿಗೂ ಆ ನಿದ್ದೆ ಹತ್ತುತ್ತಿರಲಿಲ್ಲ ನಿಜ. ಆದರೆ ನೋವಿನಿಂದ ಹೆದರಿದ ಮನುಷ್ಯನ ಪಕ್ಕದಲ್ಲಿ ಇನ್ನೊಬ್ಬ ಮನುಷ್ಯ ಗಂಟೆಗಟ್ಟಲೆ ಕೂತಿರುತ್ತಿದ್ದ ಎಂಬುದೂ ಅಷ್ಟೇ ನಿಜ.

ಈಥರ್ ಬಂದ ಮೇಲೆ

ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಕಹಿಯಾದ ಸಂಗತಿ ಬೇರೆಯೇ ಇದೆ. ಮದ್ದು ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು! ‘ನಗೆ ಅನಿಲ’ವನ್ನು ತಾನೇ ಉಸಿರಾಡಿ ನೋಡಿದ ಹಂಫ್ರಿ ಡೇವಿ, ಇದು ಶಸ್ತ್ರಚಿಕಿತ್ಸೆಯಲ್ಲಿ ಉಪಯೋಗಕ್ಕೆ ಬರಬಹುದೆಂದು 1800ರಲ್ಲೇ ಅಚ್ಚುಹಾಕಿಸಿದ್ದ. 1824ರಲ್ಲಿ, ಈ ಕೋಣೆ ಆರಂಭವಾದ ಎರಡೇ ವರ್ಷಕ್ಕೆ, ಹೆನ್ರಿ ಹಿಲ್ ಹಿಕ್‌ಮನ್ ಎಂಬ ತರುಣ ವೈದ್ಯ ಪ್ರಾಣಿಗಳಿಗೆ ಅನಿಲ ಉಸಿರಾಡಿಸಿ ನೋವಿಲ್ಲದಂತೆ ಕೊಯ್ದು ತೋರಿಸಿ ಕರಪತ್ರ ಹೊರಡಿಸಿದ. ಯಾರೂ ಕಿವಿಗೊಡಲಿಲ್ಲ. ಅನಿಲದಿಂದ ಜನ ಮೋಜು ಮಾಡಿದರು, ನಕ್ಕರು, ಕುಣಿದರು. ಶಸ್ತ್ರವೈದ್ಯರಾದರೋ ಕತ್ತಿಯ ಜೊತೆ ನೋವು ಹುಟ್ಟಿಬಂದದ್ದೆಂದು ನಂಬಿ ವೇಗವನ್ನು ಸಾಧಿಸುತ್ತಲೇ ಹೋದರು. ಸಹಿಸುವುದನ್ನು ಚೆನ್ನಾಗಿ ಕಲಿತವರು, ಸಹಿಸಬೇಕಾದ್ದೇ ಇಲ್ಲ ಎಂಬುದನ್ನು ನಂಬಲು ತಡಮಾಡಿದರು.

ಕೊನೆಗೆ 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ದಂತವೈದ್ಯ ವಿಲಿಯಂ ಮಾರ್ಟನ್ ಈಥರ್ ಉಸಿರಾಡಿಸಿ ರೋಗಿಯೊಬ್ಬನನ್ನು ಮಲಗಿಸಿದ. ಸುದ್ದಿ ಹಡಗೇರಿ ಬಂತು. ಡಿಸೆಂಬರ್ 21ರಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ, ವೇಗಕ್ಕೇ ಹೆಸರಾದ ರಾಬರ್ಟ್ ಲಿಸ್ಟನ್ ಈಥರ್ ಕೊಡಿಸಿ ಒಬ್ಬನ ತೊಡೆ ಕತ್ತರಿಸಿದ. ಅರೆ ನಿಮಿಷದ ಕೆಲಸ. ಎಚ್ಚೆತ್ತ ರೋಗಿ, ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿದನಂತೆ! ಲಿಸ್ಟನ್ನನ ಆ ವೇಗ ಆಗ ಬೇಕಾಗಿಯೇ ಇರಲಿಲ್ಲ. ಜೀವಮಾನವಿಡೀ ಸಾಣೆ ಹಿಡಿದ ವಿದ್ಯೆ ಒಂದೇ ಮಧ್ಯಾಹ್ನದಲ್ಲಿ ಹಳತಾಯಿತು. 1847ರ ನವೆಂಬರಿನಲ್ಲಿ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರಂ ತಂದ. ಹೆರಿಗೆ ನೋವು ದೇವರು ವಿಧಿಸಿದ್ದು, ಅದನ್ನು ತಪ್ಪಿಸಬಾರದು ಎಂದು ತಕರಾರು ತೆಗೆದವರೂ ಇದ್ದರು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಹೆರಿಗೆಗೆ ಕ್ಲೋರೋಫಾರಂ ತೆಗೆದುಕೊಂಡ ಮೇಲೆ ಆ ತಕರಾರು ಬಹುಮಟ್ಟಿಗೆ ತಣ್ಣಗಾಯಿತು.

ಚರ್ಚಿನ ಅಟ್ಟಕ್ಕೂ 1847ರಲ್ಲಿ ಈಥರ್ ಹತ್ತಿ ಬಂತು. ಆಮೇಲೆ ಈ ಕೋಣೆ ಬಾಳಿದ್ದು 15 ವರ್ಷ. 25 ವರ್ಷ ನೋವಿನ ಕೂಗು, 15 ವರ್ಷ ನಿದ್ದೆಯ ಮೌನ. ಆದರೆ ಆ ಮೌನವೂ ಪೂರ್ತಿ ಸುಖದ್ದಲ್ಲ. ರೋಗಿ ಅಲುಗಾಡದೆ ಮಲಗಿದ್ದರಿಂದ ವೈದ್ಯರು ನಿಧಾನವಾಗಿ, ಇನ್ನೂ ಆಳಕ್ಕೆ ಕೊಯ್ಯತೊಡಗಿದರು. ಕೈ, ಕತ್ತಿ, ರಕ್ತ ಗಟ್ಟಿಕಟ್ಟಿದ ಕೋಟು ಮಾತ್ರ ಮೊದಲಿನಂತೆಯೇ ಕೊಳಕು. ಗಾಯಕ್ಕೆ ನಂಜೇರಿ ಸಾಯುವುದು ಹಾಗೆಯೇ ಉಳಿಯಿತು. ಜೋಸೆಫ್ ಲಿಸ್ಟರ್ ನಂಜುನಿರೋಧಕ ಪದ್ಧತಿಯನ್ನು ಲೋಕಕ್ಕೆ ತಿಳಿಸಿದ್ದು 1867ರಲ್ಲಿ. ಅಷ್ಟರಲ್ಲಿ ಈ ಕೋಣೆಗೆ ಬೀಗ ಬಿದ್ದು ಐದು ವರ್ಷವಾಗಿತ್ತು.

ಮುಚ್ಚಿದ ಬಾಗಿಲು, ತೆರೆದ ಅಟ್ಟ

ಬೀಗ ಹಾಕಿಸಿದ್ದು ರೈಲು. ಹಳಿ ಹಾಕಲು ಚೇರಿಂಗ್ ಕ್ರಾಸ್ ರೈಲ್ವೆ ಕಂಪನಿಗೆ ಆಸ್ಪತ್ರೆಯ ಜಾಗ ಬೇಕಾಯಿತು. ಆಗ ಇಲ್ಲಿ ದಾದಿಯರ ಶಾಲೆ ಕಟ್ಟುತ್ತಿದ್ದ ಫ್ಲಾರೆನ್ಸ್ ನೈಟಿಂಗೇಲ್, ಜಾಗ ಮಾರಿ ಬೇರೆಡೆ ಹೋಗುವುದೇ ಒಳ್ಳೆಯದೆಂದು ಸಲಹೆ ಕೊಟ್ಟಳು. 1862ರಲ್ಲಿ ಆಸ್ಪತ್ರೆ ಗುಳೆ ಎದ್ದಿತು. ಹೆಂಗಸರ ವಾರ್ಡು ಇಲ್ಲವಾಯಿತು. ಚರ್ಚು ಉಳಿಯಿತು, ಅದರ ತಲೆಯ ಮೇಲೊಂದು ಕೋಣೆಯಿದೆ ಎಂಬುದು ಮಾತ್ರ ಜನರಿಗೆ ಮರೆತುಹೋಯಿತು. ಸುಮಾರು 95 ವರ್ಷ ಕಳೆದ ಮೇಲೆ, 1950ರ ದಶಕದ ನಡುವೆ, ಆಸ್ಪತ್ರೆಯ ಹಳೆಯ ಚರಿತ್ರೆಯನ್ನು ಹುಡುಕುತ್ತಿದ್ದ ರೇಮಂಡ್ ರಸೆಲ್ ಏಣಿ ಹಾಕಿಕೊಂಡು ಮೇಲೆ ಹತ್ತಿ ನೋಡಿದಾಗ ದೂಳಿನ ನಡುವೆ ಇದು ಸಿಕ್ಕಿತು. ಕಟಕಟೆಗಳನ್ನು ಮತ್ತೆ ಜೋಡಿಸಿ, ಆ ಕಾಲದ್ದೇ ಒಂದು ಮೇಜು ತಂದಿರಿಸಿ 1962ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು.

ಈಗ ಶಾಲೆಯ ಮಕ್ಕಳು, ವೈದ್ಯ ವಿದ್ಯಾರ್ಥಿಗಳು, ದೂರದೇಶದ ಪ್ರವಾಸಿಗರು ಇಲ್ಲಿಗೆ ಬರುತ್ತಾರೆ. ಗರಗಸಗಳ ಪೆಟ್ಟಿಗೆಯ ಮುಂದೆ ನಿಂತು ಮುಖ ಕಿವುಚುತ್ತಾರೆ. ಜಿಗಣೆಯ ಜಾಡಿ ಕಂಡು ನಗುತ್ತಾರೆ. ಕಟಕಟೆಯಲ್ಲಿ ಅಂದು ವಿದ್ಯಾರ್ಥಿಗಳು ನಿಂತ ಜಾಗದಲ್ಲೇ ನಿಂತು ಕೆಳಗಿನ ಬರಿಯ ಮೇಜನ್ನು ನೋಡಿದಾಗ ಮಾತ್ರ ಹೆಚ್ಚಿನವರ ನಗೆ ನಿಲ್ಲುತ್ತದೆ. ಇಲ್ಲಿಂದ ನೋಡಿದರೆ ಮಲಗಿದವಳ ಮುಖ ನೇರ ಕಾಣುತ್ತಿತ್ತು. ಅವಳಿಗೂ ಇವರೆಲ್ಲರ ಮುಖ ಕಾಣುತ್ತಿತ್ತು.

ಆ ಹೆಂಗಸರು ವೀರರೆಂದು ಯಾರೂ ಶಾಸನ ಕೆತ್ತಿಸಿಲ್ಲ. ಕೊಳೆತ ಕಾಲಿನೊಂದಿಗೆ ಸಾಯುವುದೋ, ಒಂದು ನಿಮಿಷದ ನರಕವನ್ನು ದಾಟಿ ಬದುಕುವುದೋ ಎಂಬ ಲೆಕ್ಕ ಹಾಕಿ, ವಾರ್ಡಿನ ಬಾಗಿಲು ದಾಟಿ ಬಂದವರು ಅವರು. ಮದ್ದು ಅರ್ಧ, ವೇಗ ಅರ್ಧ. ಉಳಿದದ್ದನ್ನೆಲ್ಲ ಅವರೇ ತುಂಬಿಕೊಂಡರು. ಇಂದು ಸೂಜಿ ಚುಚ್ಚಿ ಹತ್ತರಿಂದ ಹಿಂದಕ್ಕೆ ಎಣಿಸಿ ಎನ್ನುವಷ್ಟರಲ್ಲಿ ನಿದ್ದೆಗೆ ಜಾರುವವರ ಸುಖದ ಹಿಂದೆ ಅವರ ಎಚ್ಚರವೂ ಇದೆ.

ಮತ್ತೆ 52 ಮೆಟ್ಟಿಲು. ಇಳಿಯುವಾಗ ಹತ್ತುವುದಕ್ಕಿಂತ ಹೆಚ್ಚು ಎಚ್ಚರ ಬೇಕು. ಕೆಳಗೆ ಬೀದಿಯಲ್ಲಿ ಅದೇ ಜನಜಂಗುಳಿ, ಎದುರಿಗೆ ಕೀಟ್ಸ್ ಕಲಿತ ಗೈಸ್ ಆಸ್ಪತ್ರೆ. ಅದು ಇಂದಿಗೂ ಆಸ್ಪತ್ರೆಯೇ. ಒಳಗೆ ಯಾರಿಗೋ ಶಸ್ತ್ರಚಿಕಿತ್ಸೆ ನಡೆಯುತ್ತಿರಬಹುದು. ಕೂಗು ಮಾತ್ರ ಕೇಳುವುದಿಲ್ಲ.